ಬ್ಯಾಂಕಾಕ್ ಮಾಲ್‌ಗಳಲ್ಲಿ ಕಡಿಮೆ ದುಡ್ಡಿನ ಊಟ: ಯಾವ ಫುಡ್ ಕೋರ್ಟ್ ಯಾರಿಗೆ?

ಬ್ಯಾಂಕಾಕ್‌ನಲ್ಲಿ ಅಗ್ಗದ ಊಟ ಎಲ್ಲಿ ಅಂತ ಕೇಳಿದರೆ ಎಲ್ಲರೂ ಬೀದಿ ಬದಿಯ ಗಾಡಿ ತೋರಿಸುತ್ತಾರೆ. ಗಾಡಿಯ ಊಟ ರುಚಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಅಪ್ಪ-ಅಮ್ಮನನ್ನೋ ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಫುಟ್‌ಪಾತ್ ಮೇಲಿನ ಪ್ಲಾಸ್ಟಿಕ್ ಸ್ಟೂಲ್ ಹುಡುಕುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಅಂಥವರಿಗೆ ಮಾಲ್‌ನ ಫುಡ್ ಕೋರ್ಟ್ ಇದೆ. ಬೆಲೆ ಹೆಚ್ಚುಕಮ್ಮಿ ಗಾಡಿಯದ್ದೇ. ಜೊತೆಗೆ ಎಸಿ, ಕೂರಲು ಜಾಗ, ಟಾಯ್ಲೆಟ್, ಫೋಟೊ ಹಾಕಿ ಬೆಲೆ ಬರೆದ ಬೋರ್ಡ್.

ಬೆಂಗಳೂರಿನ ಮಾಲ್ ನೋಡಿದವರಿಗೆ ಇದು ನಂಬಲು ಕಷ್ಟ. ನಮ್ಮಲ್ಲಿ ಮಾಲ್ ಒಳಗೆ ಕಾಲಿಟ್ಟರೆ ದೋಸೆಯ ಬೆಲೆಯೂ ಏರುತ್ತದೆ. ಬ್ಯಾಂಕಾಕ್‌ನಲ್ಲಿ ಮಾಲ್‌ನ ಅಂಗಡಿಗಳಲ್ಲಿ ಕೆಲಸ ಮಾಡುವವರು, ಪಕ್ಕದ ಆಫೀಸಿನವರು, ಕಾಲೇಜಿನವರು ಎಲ್ಲ ದಿನಾ ಊಟ ಮಾಡುವುದು ಇಲ್ಲೇ. ಅವರ ಜೇಬಿಗೆ ಹೊಂದದ ಬೆಲೆ ಇಟ್ಟರೆ ಕೌಂಟರ್ ಖಾಲಿ ಹೊಡೆಯುತ್ತದೆ. ಮಾಲ್‌ನವರ ಲೆಕ್ಕವೂ ಇದರಲ್ಲಿದೆ. ಫುಡ್ ಕೋರ್ಟ್ ಬಹುತೇಕ ಮೇಲಿನ ಮಹಡಿಯಲ್ಲೇ ಯಾಕಿರುತ್ತದೆ ಹೇಳಿ? ಅಗ್ಗದ ಊಟಕ್ಕೆ ಅಂತ ಹತ್ತಿದವರು ಇಳಿಯುವಾಗ ನಾಲ್ಕು ಅಂಗಡಿ ನೋಡಿಕೊಂಡೇ ಇಳಿಯುತ್ತಾರೆ.

ಹಾಗಂತ ಎಲ್ಲ ಫುಡ್ ಕೋರ್ಟೂ ಒಂದೇ ಅಲ್ಲ. ಒಂದರಲ್ಲಿ 50 ಬಾಹ್ತ್‌ಗೆ ಸಿಗುವ ತಟ್ಟೆಗೆ ಇನ್ನೊಂದರಲ್ಲಿ 150 ಕೊಡಬೇಕು. ಒಂದು ಬಾಹ್ತ್ ಅಂದರೆ ಹತ್ತಿರಹತ್ತಿರ ಮೂರು ರೂಪಾಯಿ ಅಂತ ಹಿಡಿದುಕೊಳ್ಳಿ, ಲೆಕ್ಕ ಸುಲಭ. ಇಲ್ಲಿ ಕೊಟ್ಟಿರುವ ಬೆಲೆಗಳೆಲ್ಲ ಅಂದಾಜು. ವರ್ಷದಿಂದ ವರ್ಷಕ್ಕೆ ಐದೋ ಹತ್ತೋ ಬಾಹ್ತ್ ಏರುತ್ತಿರುತ್ತವೆ, ಆದರೆ ಯಾವುದು ಅಗ್ಗ ಯಾವುದು ದುಬಾರಿ ಅನ್ನುವ ಸಾಲು ಅಷ್ಟು ಬೇಗ ಬದಲಾಗುವುದಿಲ್ಲ.

ಮೊದಲು ದೊಡ್ಡ ವ್ಯತ್ಯಾಸ ನೋಡಿ

ಜನ ತಲೆ ಕೆಡಿಸಿಕೊಳ್ಳುವುದು ಈ ಫುಡ್ ಕೋರ್ಟಾ, ಆ ಫುಡ್ ಕೋರ್ಟಾ ಅಂತ. ನನ್ನ ಪ್ರಕಾರ ನಿಜವಾಗಿ ದುಡ್ಡು ಉಳಿಯುವುದು ಅಲ್ಲಲ್ಲ. ಒಂದೇ ಮಾಲ್‌ನಲ್ಲಿ ಫುಡ್ ಕೋರ್ಟ್ ಬಿಟ್ಟು ರೆಸ್ಟೋರೆಂಟಿಗೆ ಹೊಕ್ಕಾಗ ಆಗುವ ಖರ್ಚು ಇದೆಯಲ್ಲ, ಅದು ದೊಡ್ಡದು.

ಮಾಲ್‌ನ ರೆಸ್ಟೋರೆಂಟ್ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡಿಸುವ ಚಿಹ್ನೆ (++) ಕಂಡರೆ ಎಚ್ಚರ. ಬಿಲ್‌ಗೆ 10% ಸರ್ವಿಸ್ ಚಾರ್ಜ್ ಸೇರುತ್ತದೆ, ಆ ಮೊತ್ತದ ಮೇಲೆ 7% ವ್ಯಾಟ್ ಸೇರುತ್ತದೆ. ಅಂದರೆ 200 ಬಾಹ್ತ್ ಅಂತ ಬರೆದ ತಟ್ಟೆ ನಿಮ್ಮ ಕೈಗೆ ಬರುವಾಗ 235 ಆಗಿರುತ್ತದೆ. ನಾಲ್ಕು ಜನ ಹೋದಿರಿ ಅನ್ನಿ. ತಲೆಗೆ 180ರ ಒಂದು ತಟ್ಟೆ, 60ರ ಒಂದು ಜ್ಯೂಸ್. ಮೆನು ನೋಡಿ ಕೂಡಿಸಿದರೆ 960. ಬಿಲ್ ಬರುವುದು ಸುಮಾರು 1,130. ಮೇಲಿನ ಮಹಡಿಯ ಫುಡ್ ಕೋರ್ಟಿನಲ್ಲಿ ಅದೇ ನಾಲ್ಕು ಜನ 60ರ ತಟ್ಟೆಗಳನ್ನು ಆರು ತಗೊಂಡು, 25ರ ನಾಲ್ಕು ಜ್ಯೂಸ್ ಕುಡಿದರೂ 460ಕ್ಕೆ ಮುಗಿಯುತ್ತದೆ. ಫುಡ್ ಕೋರ್ಟಿನ ಬೋರ್ಡಿನಲ್ಲಿ ಬರೆದಷ್ಟೇ ಬೆಲೆ, ಟಿಪ್ಸ್ ಇಡುವ ಮುಜುಗರವೂ ಇಲ್ಲ.

ನಾಲ್ಕು ಜನಕ್ಕೆ ಆರು ತಟ್ಟೆ ಯಾಕೆ ಅಂದರೆ, ತಟ್ಟೆ ಚಿಕ್ಕದು. ಥಾಯ್ ಜನ ಸ್ವಲ್ಪ ಸ್ವಲ್ಪ ಅಂತ ದಿನಕ್ಕೆ ಹಲವು ಸಲ ತಿನ್ನುವವರು. ಮಧ್ಯಾಹ್ನ ಹೊಟ್ಟೆ ತುಂಬ ಅನ್ನ-ಸಾರು ಉಂಡು ಅಭ್ಯಾಸ ಇರುವವರಿಗೆ ಒಂದು ತಟ್ಟೆ ಸಾಲುವುದಿಲ್ಲ. ಅಗ್ಗ ಅಂತ ಯಾರೋ ಹೇಳಿದ ಬೆಲೆಯನ್ನು ಒಂದೂವರೆ ಪಟ್ಟು ಮಾಡಿಕೊಂಡೇ ಬಜೆಟ್ ಹಾಕಿ.

ಇನ್ನೊಂದು ಲೆಕ್ಕ ರೈಲಿನದು. ಬಿಟಿಎಸ್ ಅನ್ನುವ ಮೇಲ್ಸೇತುವೆ ರೈಲಿನ ಟಿಕೆಟ್ 17 ಬಾಹ್ತ್‌ನಿಂದ ಶುರು. ಸಿಯಾಮ್ ನಿಲ್ದಾಣದಿಂದ ಅಸೋಕ್‌ಗೆ ನಾಲ್ಕೇ ನಿಲ್ದಾಣ, ಆದರೂ ಒಬ್ಬರು ಹೋಗಿ ಬರಲು 60 ಬಾಹ್ತ್ ದಾಟುತ್ತದೆ. ಅಸೋಕ್‌ನ ಊಟ ಸಿಯಾಮ್‌ಗಿಂತ 30 ಬಾಹ್ತ್ ಅಗ್ಗ ಅಂತ ಹೊಟ್ಟೆ ಹಸಿದುಕೊಂಡು ಅಲ್ಲಿಗೆ ಓಡುವವರನ್ನು ನೋಡಿದರೆ ನಗು ಬರುತ್ತದೆ. ಮಧ್ಯಾಹ್ನ ನೀವು ಎಲ್ಲಿರುತ್ತೀರೋ ಅದರ ಸುತ್ತಮುತ್ತ ಯಾವುದಿದೆ ನೋಡಿ ಆರಿಸಿ. ಸುಮ್ನೆ ಊರು ದಾಟಬೇಡಿ.

ಅಸೋಕ್‌ನ ಪಿಯರ್ 21: ಅಗ್ಗದಲ್ಲಿ ಅಗ್ಗ

ಹೋಟೆಲ್ ಸುಖುಮ್ವಿತ್ ರಸ್ತೆಯಲ್ಲಿದ್ದರೆ ಹೆಚ್ಚು ಯೋಚನೆ ಬೇಡ. 2011ರಲ್ಲಿ ಶುರುವಾದ ಟರ್ಮಿನಲ್ 21 ಮಾಲ್‌ನ 5ನೇ ಮಹಡಿಯಲ್ಲಿ ಪಿಯರ್ 21 ಇದೆ. ಬಿಟಿಎಸ್‌ನ ಅಸೋಕ್, ಎಂಆರ್‌ಟಿ ಅನ್ನುವ ಮೆಟ್ರೊ ರೈಲಿನ ಸುಖುಮ್ವಿತ್, ಎರಡೂ ನಿಲ್ದಾಣ ಮಾಲ್ ಬಾಗಿಲಲ್ಲೇ. ಇಡೀ ಮಾಲ್ ವಿಮಾನ ನಿಲ್ದಾಣದ ಥರ. ಒಂದೊಂದು ಮಹಡಿ ಒಂದೊಂದು ಊರು: ರೋಮ್, ಪ್ಯಾರಿಸ್, ಟೋಕಿಯೊ, ಲಂಡನ್, ಇಸ್ತಾಂಬುಲ್ ದಾಟಿ ಮೇಲೆ ಹೋದರೆ ಸ್ಯಾನ್ ಫ್ರಾನ್ಸಿಸ್ಕೊ, ಅಲ್ಲೊಂದು ಗೋಲ್ಡನ್ ಗೇಟ್ ಸೇತುವೆಯ ಪ್ರತಿಕೃತಿ. ಮಕ್ಕಳಿಗೆ ಊಟಕ್ಕಿಂತ ಇದೇ ಜಾಸ್ತಿ ಇಷ್ಟವಾದರೂ ಆಶ್ಚರ್ಯವಿಲ್ಲ. ಟಾಯ್ಲೆಟ್‌ನಲ್ಲಿ ಜಪಾನಿ ಮಾದರಿಯ ನೀರು ಚಿಮ್ಮುವ ಕಮೋಡ್ ಇದೆ. ನಮ್ಮವರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ?

ಇಲ್ಲಿ ಬಹುಪಾಲು ತಟ್ಟೆಗಳು 40ರಿಂದ 70 ಬಾಹ್ತ್ ಒಳಗೆ. ತುಳಸಿಯ ಜಾತಿಯ ಸೊಪ್ಪು ಹಾಕಿ ಹುರಿದ ಮಾಂಸವನ್ನು ಅನ್ನದ ಜೊತೆ ಕೊಡುವ ಪಡ್ ಕ್ರಪಾವ್, ಬೇಯಿಸಿದ ಕೋಳಿಯನ್ನು ಅದರದೇ ಸಾರಲ್ಲಿ ಬೆಂದ ಅನ್ನದ ಮೇಲಿಟ್ಟು ಕೊಡುವ ಖಾವ್ ಮನ್ ಗೈ, ಬಾಣಲೆಯಲ್ಲಿ ಹುರಿದ ಅಕ್ಕಿ ನೂಡಲ್ಸ್ ಪಡ್ ಥಾಯ್, ನೂಡಲ್ಸ್ ಸೂಪ್‌ಗಳು, ಪರಂಗಿಕಾಯಿ ತುರಿದು ಕುಟ್ಟುವ ಸೋಮ್ ತಮ್. ಅಂಚು ಗರಿಗರಿಯಾಗಿ ಕರಿದ ಮೊಟ್ಟೆಯನ್ನು ಪಡ್ ಕ್ರಪಾವ್ ಮೇಲೆ ಹಾಕಿಸಿಕೊಳ್ಳಲು ಹತ್ತು ಬಾಹ್ತ್ ಆಸುಪಾಸು ಜಾಸ್ತಿ. ದಯವಿಟ್ಟು ಹಾಕಿಸಿಕೊಳ್ಳಿ. ಬೀದಿಯ ಗಾಡಿಯಲ್ಲೂ ಈಗ ಇಷ್ಟೇ ಬೆಲೆ, ಪ್ರವಾಸಿಗರು ಓಡಾಡುವ ರಸ್ತೆಗಳಲ್ಲಂತೂ ಗಾಡಿಯೇ ದುಬಾರಿ.

ಕೊರತೆ ಒಂದೇ, ಜಾಗ. ಮಧ್ಯಾಹ್ನ 12ರಿಂದ ಒಂದೂವರೆ ತನಕ ಸುತ್ತಲಿನ ಆಫೀಸಿನವರೆಲ್ಲ ಇಲ್ಲೇ ಬರುತ್ತಾರೆ. ನಾಲ್ಕು ಜನಕ್ಕೆ ಒಟ್ಟಿಗೆ ಟೇಬಲ್ ಸಿಗುವುದು ಅದೃಷ್ಟ. 11ಕ್ಕೆ ಹೋಗಿ, ಇಲ್ಲ 2ರ ಮೇಲೆ ಹೋಗಿ. ಮಾಲ್ 10ರಿಂದ ರಾತ್ರಿ 10ರ ತನಕ ತೆರೆದಿದ್ದರೂ ಒಂಬತ್ತರ ಹೊತ್ತಿಗೆ ಒಳ್ಳೆಯ ಅಡುಗೆ ಖಾಲಿಯಾಗಿ ಕೆಲವು ಕೌಂಟರ್‌ನವರು ಪಾತ್ರೆ ತೊಳೆಯುತ್ತಿರುತ್ತಾರೆ.

ಪಟ್ಟಾಯಕ್ಕೆ ಹೋಗುವವರಿಗೆ: ಅಲ್ಲೂ 2018ರಿಂದ ಟರ್ಮಿನಲ್ 21 ಇದೆ, ಅದರಲ್ಲೂ ಪಿಯರ್ 21 ಇದೆ. ಪಟ್ಟಾಯದ ಕಡಲ ದಂಡೆಯ ಹೋಟೆಲುಗಳ ಬೆಲೆ ನೋಡಿ ಗಾಬರಿಯಾದವರಿಗೆ ಇದೇ ದಾರಿ.

ಸಿಯಾಮ್ ಸುತ್ತಮುತ್ತ

ಶಾಪಿಂಗ್‌ಗೆ ಅಂತ ಬಂದವರ ದಿನವೆಲ್ಲ ಸಿಯಾಮ್, ರಾಚಪ್ರಸೋಂಗ್, ಪ್ರತುನಾಮ್ ಈ ಮೂರರ ನಡುವೆಯೇ ಕಳೆಯುತ್ತದೆ. ಸಿಯಾಮ್‌ನಿಂದ ಚಿಟ್ ಲೋಮ್ ಕಡೆಗೆ ಬಿಟಿಎಸ್ ಹಳಿಯ ಕೆಳಗೇ ನಡೆಯುವ ಮೇಲ್ದಾರಿ ಇದೆ, ನೆರಳಲ್ಲೇ ಹೋಗಬಹುದು. ಹಾಗಾಗಿ ಇಲ್ಲಿ ಆಯ್ಕೆ ಜಾಸ್ತಿ.

ಎಂಬಿಕೆ ಸೆಂಟರ್ 1985ರ ಹಳೇ ಮಾಲ್. ಮೊಬೈಲ್, ಬ್ಯಾಗು, ಟೀ ಶರ್ಟ್ ಚೌಕಾಸಿ ಮಾಡುವವರ ಜಾಗ. ಬಿಟಿಎಸ್‌ನ ನ್ಯಾಷನಲ್ ಸ್ಟೇಡಿಯಂ ನಿಲ್ದಾಣಕ್ಕೆ ಅಂಟಿಕೊಂಡಿದೆ. ಫುಡ್ ಕೋರ್ಟ್ 6ನೇ ಮಹಡಿಯಲ್ಲಿ. ಬೆಲೆ 60ರಿಂದ 120. ಪಿಯರ್ 21ಕ್ಕಿಂತ ಜಾಸ್ತಿಯೇ, ಆದರೆ ಜಾಗ ದೊಡ್ಡದು, ಟೇಬಲ್ ಸಿಗುತ್ತದೆ. ಹೊರದೇಶದವರು ಎಷ್ಟೋ ವರ್ಷದಿಂದ ಬರುತ್ತಿರುವ ಮಾಲ್ ಆದ್ದರಿಂದ ಕೌಂಟರ್‌ನವರಿಗೆ ಬೆರಳು ತೋರಿಸಿ ಮಾತಾಡುವ ಗಿರಾಕಿಗಳು ಹೊಸಬರಲ್ಲ. ಹಲಾಲ್ ಊಟ ಬೇಕಾದವರಿಗೂ ಇಲ್ಲಿ ಅನುಕೂಲ. ನಾಲ್ಕು ಜನರಲ್ಲಿ ನಾಲ್ಕು ಥರ ತಿನ್ನುವ ಗುಂಪಾದರೆ, ಸಿಯಾಮ್ ಕಡೆ ನನ್ನ ಮೊದಲ ಆಯ್ಕೆ ಇದೇ.

ಸಿಯಾಮ್ ಪ್ಯಾರಗಾನ್ ನೆಲಮಹಡಿಯ ಊಟದ ಹಾಲ್ ನೋಡಲು ಚೆಂದ, ಥಳಥಳ. 80ರಿಂದ 200 ಬಾಹ್ತ್. ಎಂಬಿಕೆ ಹತ್ತು ನಿಮಿಷದ ನಡಿಗೆಯಲ್ಲಿರುವಾಗ ದುಡ್ಡು ಉಳಿಸಬೇಕೆನ್ನುವವರು ಇಲ್ಲಿ ತಿನ್ನಲು ಕಾರಣ ಕಾಣುವುದಿಲ್ಲ. ಸುಸ್ತಾಗಿ ಕಾಲು ಎತ್ತಿಡಲಾಗದಿದ್ದರೆ ಮಾತ್ರ.

ಸೆಂಟ್ರಲ್ ವರ್ಲ್ಡ್‌ನ ಫುಡ್ ಕೋರ್ಟ್ 7ನೇ ಮಹಡಿಯಲ್ಲಿ, ಬೆಲೆ ಎಂಬಿಕೆಗಿಂತ ತುಸು ಜಾಸ್ತಿ. ಮಾಲ್ ಮುಂದೆ ತ್ರಿಮೂರ್ತಿ ಮತ್ತು ಗಣೇಶನ ಗುಡಿಗಳಿವೆ, ಕೂಗಳತೆಯಲ್ಲಿ ಎರವಾನ್‌ನ ನಾಲ್ಕು ಮುಖದ ಬ್ರಹ್ಮ. ದರ್ಶನ ಮುಗಿಸಿ ಹಸಿವಾದವರು ಇಲ್ಲಿಗೇ ಹತ್ತಬಹುದು. ಇನ್ನೂ ಕಡಿಮೆಗೆ ಬೇಕಾದರೆ ರಸ್ತೆ ದಾಟಿ ಎದುರಿನ ಬಿಗ್ ಸಿ ಸೂಪರ್‌ಮಾರ್ಕೆಟಿನ ಮೇಲಿನ ಮಹಡಿಗೆ ಹೋಗಿ. ಅಲಂಕಾರ ಏನೂ ಇಲ್ಲ, ಊಟ ಬಿಸಿ ಇರುತ್ತದೆ. ಬ್ಯಾಂಕಾಕ್ ಬಿಟ್ಟು ಬೇರೆ ಊರಿಗೆ ಹೋದಾಗಲೂ ಇದು ನೆನಪಿರಲಿ. ಹೆಸರಾಂತ ಮಾಲ್ ಇಲ್ಲದ ಊರಲ್ಲೂ ಒಂದು ಬಿಗ್ ಸಿ ಅಥವಾ ಲೋಟಸ್ ಇರುತ್ತದೆ, ಅದರೊಳಗೊಂದು ಸಾದಾ ಫುಡ್ ಕೋರ್ಟ್ ಇರುತ್ತದೆ.

ಪ್ರತುನಾಮ್‌ನ ಪ್ಲಾಟಿನಂ ಫ್ಯಾಷನ್ ಮಾಲ್ ಬಟ್ಟೆಯ ಸಗಟು ಮಾರುಕಟ್ಟೆ. ನಮ್ಮ ಕಡೆಯಿಂದ ಬಟ್ಟೆ ತರಲು ಹೋಗುವವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 6ನೇ ಮಹಡಿಯ ಫುಡ್ ಕೋರ್ಟಿನಲ್ಲಿ ವ್ಯಾಪಾರಿಗಳು, ಗಂಟುಮೂಟೆ ಹೊತ್ತ ಗಿರಾಕಿಗಳು, ಎಲ್ಲರೂ ಗಬಗಬ ಉಂಡು ಏಳುತ್ತಾರೆ. ಗದ್ದಲ ಜಾಸ್ತಿ, ಬೆಲೆ ಪರವಾಗಿಲ್ಲ. ಇಲ್ಲೇ ಶಾಪಿಂಗ್ ಇದ್ದರೆ ಇಲ್ಲೇ ಊಟ ಮಾಡಿ. ಊಟಕ್ಕಾಗಿಯೇ ಬರುವಂಥದ್ದಲ್ಲ.

ಸ್ವಲ್ಪ ಖರ್ಚಾದರೂ ಪರವಾಗಿಲ್ಲ ಅನ್ನುವವರಿಗೆ

ಪ್ಲೋಯೆನ್ ಚಿಟ್ ನಿಲ್ದಾಣದ ಸೆಂಟ್ರಲ್ ಎಂಬಸಿ 2014ರಲ್ಲಿ ಬಂದ ಐಷಾರಾಮಿ ಮಾಲ್. ಅದರ ಕೆಳಮಹಡಿಯಲ್ಲಿ ಈಟ್‌ಥಾಯ್ ಇದೆ. ಥಾಯ್ಲೆಂಡ್‌ನ ಬೇರೆ ಬೇರೆ ಪ್ರಾಂತ್ಯಗಳ ಅಡುಗೆ ಒಂದೇ ಸೂರಿನಡಿ ಸಿಗುತ್ತದೆ. ತಟ್ಟೆಗೆ 100ರಿಂದ 250. ಇದನ್ನು ಅಗ್ಗ ಅನ್ನಲಾಗದು. ಆದರೆ ಉತ್ತರದ ಖಾವ್ ಸೋಯ್ ಅನ್ನುವ ಕರಿ ನೂಡಲ್ಸ್, ಈಶಾನ್ಯದ ಸೋಮ್ ತಮ್, ದಕ್ಷಿಣದ ಖಾರದ ಕರಿ ಮೂರನ್ನೂ ಒಂದೇ ಟೇಬಲ್ಲಿನಲ್ಲಿ ರುಚಿ ನೋಡಲು ಆ ಮೂರೂ ಕಡೆ ಪ್ರಯಾಣ ಮಾಡುವ ಖರ್ಚು ಎಷ್ಟು, ಯೋಚಿಸಿ. ರಜೆಯಲ್ಲಿ ಒಂದು ಸಲ ಸರಿ.

ಐಕಾನ್‌ಸಿಯಾಮ್ ಬೇರೆ ಕಥೆ. 2018ರ ನವೆಂಬರ್‌ನಲ್ಲಿ ಚಾವ್ ಫ್ರಾಯಾ ನದಿ ದಂಡೆಯಲ್ಲಿ ತೆರೆದ ಈ ಮಾಲ್‌ನ ನೆಲಮಹಡಿಯಲ್ಲಿ ಸುಕ್‌ಸಿಯಾಮ್ ಅನ್ನುವ ಒಳಾಂಗಣ ಸಂತೆ ಇದೆ. ಮಾಲ್ ಒಳಗೇ ನೀರಿನ ಕಾಲುವೆ, ದೋಣಿಯಲ್ಲಿ ಕೂತು ಮಾರುವವರು. ಬೆಲೆ ನೋಡಿದರೆ ಅಷ್ಟೇನೂ ಅಲ್ಲ ಅನಿಸುತ್ತದೆ. ಒಂದು ಕಡ್ಡಿಗೆ 40, ಒಂದು ಲೋಟಕ್ಕೆ 50, ಒಂದು ಪೊಟ್ಟಣಕ್ಕೆ 60. ತೊಂದರೆ ಇರುವುದೇ ಅಲ್ಲಿ. ಇಲ್ಲಿ ಯಾರೂ ಒಂದು ತಟ್ಟೆ ತಿಂದು ಎದ್ದು ಹೋಗುವುದಿಲ್ಲ. ನಡೆಯುತ್ತಾ ನಡೆಯುತ್ತಾ ಅದಿಷ್ಟು ಇದಿಷ್ಟು ಅಂತ ಹೊಟ್ಟೆ ತುಂಬುವಷ್ಟರಲ್ಲಿ ತಲೆಗೆ 300 ಖರ್ಚಾಗಿರುತ್ತದೆ. ಎಲ್ಲಾದರೂ ಊಟ ಮುಗಿಸಿ ಸಂಜೆ ಬನ್ನಿ. ನೋಡಲು, ಏನಾದರೂ ಸಿಹಿ ತಿನ್ನಲು ಮಾತ್ರ. ಸಫಾನ್ ತಕ್ಸಿನ್ ನಿಲ್ದಾಣದಲ್ಲಿ ಇಳಿದು ದೋಣಿ ಹಿಡಿದು ಬಂದರೆ ನದಿಯನ್ನೂ ನೋಡಿದ ಹಾಗಾಗುತ್ತದೆ.

ಸಸ್ಯಾಹಾರಿಗಳಿಗೆ ಬೆಲೆಗಿಂತ ಸಾಸ್ ಮುಖ್ಯ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಥಾಯ್ ಫುಡ್ ಕೋರ್ಟಿನಲ್ಲಿ ತರಕಾರಿ ಮಾತ್ರ ಕಾಣುವ ತಟ್ಟೆ ಸಸ್ಯಾಹಾರ ಅಂತ ತಿಳಿಯಬೇಡಿ. ಉಪ್ಪಿನ ಬದಲು ಮೀನಿನ ಸಾಸ್ ಬೀಳುತ್ತದೆ. ಸೊಪ್ಪಿನ ಪಲ್ಯಕ್ಕೆ ಸಿಂಪಿಯಿಂದ ಮಾಡಿದ ಆಯ್‌ಸ್ಟರ್ ಸಾಸ್. ಕೆಂಪು, ಹಸಿರು ಕರಿಗಳ ಮಸಾಲೆ ರುಬ್ಬುವಾಗಲೇ ಸಿಗಡಿಯ ಪೇಸ್ಟ್ ಸೇರಿರುತ್ತದೆ. ಸೋಮ್ ತಮ್ ನೋಡಲು ಕೋಸಂಬರಿ, ಒಳಗೆ ಒಣಸಿಗಡಿ. ಮಾಂಸ ಬೇಡ ಅಂದರೆ ಅವರು ಮಾಂಸದ ತುಂಡನ್ನಷ್ಟೇ ಬಿಡುತ್ತಾರೆ, ಸಾಸ್ ಬಿಡುವುದಿಲ್ಲ. ಅವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ.

ಹಾಗಾದರೆ ಏನು ಮಾಡುವುದು? ಹಳದಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರದ ಬೋರ್ಡೋ ಬಾವುಟವೋ ಇರುವ ಕೌಂಟರ್ ಹುಡುಕಿ. ಅದು ‘ಜೇ’ ಊಟದ ಗುರುತು. ಚೀನೀ ಮೂಲದ ಬೌದ್ಧರ ವ್ರತದ ಊಟ ಇದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ! ಮನೆಯಲ್ಲಿ ಈರುಳ್ಳಿ-ಬೆಳ್ಳುಳ್ಳಿ ಬಳಸದವರಿಗೆ ಬ್ಯಾಂಕಾಕ್‌ನಲ್ಲಿ ಇಂಥದ್ದೊಂದು ಸಿಗುತ್ತದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಪಿಯರ್ 21ರಲ್ಲಿ ಸಸ್ಯಾಹಾರದ ಕೌಂಟರ್ ಇದೆ. ಅನ್ನದ ಮೇಲೆ ಎರಡು ಪಲ್ಯ ಹಾಕಿಸಿಕೊಂಡರೆ ಅದೇ ಅಗ್ಗದ ಬೆಲೆ. ಒಂದು ಎಚ್ಚರಿಕೆ: ಜೇ ಕೌಂಟರಿನಲ್ಲಿ ಸೋಯಾ, ಗೋಧಿ ಅಂಟಿನಿಂದ ಮಾಡಿದ ತುಂಡುಗಳು ಥೇಟ್ ಮಾಂಸದಂತೆಯೇ ಕಾಣುತ್ತವೆ. ಗಾಬರಿಯಾಗಬೇಡಿ. ನೋಡಿದರೆ ಮನಸ್ಸು ಒಪ್ಪದಿದ್ದರೆ ತೋಫು, ಕುಂಬಳ, ಎಲೆಕೋಸು ತೋರಿಸಿ.

‘ಮಂಗ್ಸವಿರತ್’ ಅಂತ ಬರೆದ ಕಡೆ ಮಾಂಸ ಇರುವುದಿಲ್ಲ, ಆದರೆ ಮೊಟ್ಟೆ, ಹಾಲು ಇರಬಹುದು. ಬೇರೆ ಕೌಂಟರಿನಲ್ಲಿ ಕೇಳಿ ಮಾಡಿಸಿಕೊಳ್ಳುವುದಾದರೆ ಮೂರು ಮಾತು ಸಾಕು. ‘ಕಿನ್ ಜೇ’ ಅಂದರೆ ನಾನು ಜೇ ಊಟ ಮಾಡುವವನು. ‘ಮಾಯ್ ಸೈ ನಾಮ್ ಪ್ಲಾ’ ಅಂದರೆ ಮೀನಿನ ಸಾಸ್ ಹಾಕಬೇಡಿ. ‘ಮಾಯ್ ಸೈ ಖೈ’ ಅಂದರೆ ಮೊಟ್ಟೆ ಬೇಡ. ನಾಲಿಗೆ ತಿರುಗದಿದ್ದರೆ ಥಾಯ್ ಅಕ್ಷರದಲ್ಲಿ ಬರೆದದ್ದನ್ನು ಫೋನಿನಲ್ಲಿ ಇಟ್ಟುಕೊಂಡು ತೋರಿಸಿ, ಅದು ಇನ್ನೂ ವಾಸಿ. ಪಡ್ ಥಾಯ್ ಈ ರೀತಿ ಮಾಡಿಕೊಡುವವರು ಇದ್ದಾರೆ. ಆದರೆ ಬಾಣಲೆ ಅದೇ, ಸೌಟು ಅದೇ. ಅದು ಆಗದು ಅನ್ನುವವರು ಜೇ ಕೌಂಟರ್ ಬಿಟ್ಟು ಕದಲಬೇಡಿ. ಜನಸಂದಣಿಯ ಹೊತ್ತಲ್ಲಿ ಇಂಥ ಕೋರಿಕೆ ಇಡಬೇಡಿ. ಹತ್ತು ಜನ ಹಿಂದೆ ನಿಂತಿರುವಾಗ ಅಡುಗೆಯವರ ಕೈ ತಾನಾಗಿಯೇ ಸಾಸ್ ಬಾಟಲಿಗೆ ಹೋಗುತ್ತದೆ.

ಸಿಹಿಯಲ್ಲಿ ಈ ತಲೆನೋವು ಕಡಿಮೆ. ತೆಂಗಿನ ಹಾಲು ಸುರಿದ ಅಂಟು ಅನ್ನದ ಜೊತೆ ಮಾವಿನಹಣ್ಣು, ಅಂದರೆ ಖಾವ್ ನಿಯಾವ್ ಮಾಮುವಾಂಗ್, ಧೈರ್ಯವಾಗಿ ತಿನ್ನಿ. ಮಾರ್ಚ್‌ನಿಂದ ಮೇ ಒಳಗೆ ಹೋದರೆ ಮಾವು ಚೆನ್ನಾಗಿರುತ್ತದೆ, ಬೆಲೆಯೂ ಇಳಿದಿರುತ್ತದೆ. ಹೆಚ್ಚಿದ ಹಣ್ಣಿನ ಪೊಟ್ಟಣ ಎಲ್ಲ ಕಡೆ ಸಿಗುತ್ತದೆ.

ಇದೆಲ್ಲ ರಗಳೆಯೇ ಬೇಡ, ನಮ್ಮ ಊಟವೇ ಬೇಕು ಅನ್ನುವವರು ಪಾಹುರಾತ್ ಕಡೆ ಹೋಗಿ. ಅದು ಬ್ಯಾಂಕಾಕ್‌ನ ಭಾರತೀಯರ ಪೇಟೆ. ಗುರುದ್ವಾರದ ಪಕ್ಕದಲ್ಲಿ ಇಂಡಿಯಾ ಎಂಪೋರಿಯಂ ಅನ್ನುವ ಮಾಲ್ ಇದೆ, ಸುತ್ತ ರೊಟ್ಟಿ-ದಾಲ್‌ನ ಸಣ್ಣ ಹೋಟೆಲುಗಳಿವೆ. ಎಂಆರ್‌ಟಿಯ ಸಾಮ್ ಯೋತ್ ನಿಲ್ದಾಣ ಹತ್ತಿರ. ಸುಖುಮ್ವಿತ್ ರಸ್ತೆಯಲ್ಲಿರುವ ಭಾರತೀಯ ರೆಸ್ಟೋರೆಂಟುಗಳಿಗಿಂತ ಇಲ್ಲಿ ಬಿಲ್ ಹಗುರ.

ಹಂದಿ, ದನ ತಿನ್ನದ ಮಾಂಸಾಹಾರಿಗಳು

ನಮ್ಮಲ್ಲಿ ಈ ಗುಂಪೇ ದೊಡ್ಡದು, ಆದರೆ ಪ್ರವಾಸದ ಮಾಹಿತಿ ಬರೆಯುವವರು ಇವರನ್ನು ಮರೆತುಬಿಡುತ್ತಾರೆ. ಥಾಯ್ಲೆಂಡ್‌ನಲ್ಲಿ ಏನೂ ಹೇಳದಿದ್ದರೆ ಪಡ್ ಕ್ರಪಾವ್‌ಗೆ ಬೀಳುವುದು ಸಾಮಾನ್ಯವಾಗಿ ಹಂದಿಯ ಕೈಮಾ. ‘ಮೂ’ ಅಂದರೆ ಹಂದಿ, ‘ನುವಾ’ ಅಂದರೆ ದನ, ‘ಗೈ’ ಅಂದರೆ ಕೋಳಿ, ‘ಪ್ಲಾ’ ಮೀನು, ‘ಕುಂಗ್’ ಸಿಗಡಿ. ‘ಕ್ರಪಾವ್ ಗೈ’ ಅಂತ ಕೇಳಿದರೆ ಕೋಳಿಯದು ಬರುತ್ತದೆ. ದನದ ಮಾಂಸ ಹಂದಿಯಷ್ಟು ಎಲ್ಲ ಕಡೆ ಇರುವುದಿಲ್ಲ. ಗುವಾನ್ ಯಿನ್ ದೇವಿಯ ಭಕ್ತರಾದ ಎಷ್ಟೋ ಥಾಯ್ ಜನ ದನ ತಿನ್ನುವುದಿಲ್ಲ.

ನೂಡಲ್ಸ್ ಸೂಪ್ ವಿಷಯದಲ್ಲಿ ಮಾತ್ರ ಹುಷಾರು. ಮೇಲೆ ಕೋಳಿ ತುಂಡು ಕಂಡರೂ ಕೆಳಗಿನ ಸಾರು ಹಂದಿ ಮೂಳೆಯದ್ದಿರಬಹುದು. ಬೋಟ್ ನೂಡಲ್ಸ್ ಅನ್ನುವ ನೂಡಲ್ಸ್ ಸೂಪ್‌ನ ಕಪ್ಪು ಸಾರಿಗೆ ಹಂದಿಯ ಅಥವಾ ದನದ ರಕ್ತ ಸೇರಿಸುವ ರೂಢಿಯೇ ಇದೆ. ಹಂದಿಯ ತಲೆನೋವಿಲ್ಲದ ಆಯ್ಕೆ ಅಂದರೆ ಹಲಾಲ್ ಕೌಂಟರ್. ಅಲ್ಲಿ ಹಂದಿ ಇರುವುದಿಲ್ಲ, ಜೊತೆಗೆ ಖಾವ್ ಮೋಕ್ ಗೈ ಸಿಗುತ್ತದೆ. ಅರಿಸಿನ ಹಾಕಿದ ಅನ್ನ, ಕೋಳಿ, ಮೇಲೆ ಹುರಿದ ಈರುಳ್ಳಿ. ನಮ್ಮ ಬಿರಿಯಾನಿಯ ಖಾರ ನಿರೀಕ್ಷಿಸಬೇಡಿ, ಆದರೆ ಹೊಟ್ಟೆಗೆ ಹಿತ. ದೊಡ್ಡವರು, ಮಕ್ಕಳು ಇದ್ದರೆ ಇದು ಮತ್ತು ಖಾವ್ ಮನ್ ಗೈ, ಎರಡನ್ನೂ ಕಣ್ಣು ಮುಚ್ಚಿಕೊಂಡು ತಗೊಳ್ಳಬಹುದು.

ಖಾರದ ಬಗ್ಗೆಯೂ ಹೇಳಿಬಿಡುತ್ತೇನೆ. ನಾವು ಖಾರ ತಿನ್ನುವ ಜನ ಅನ್ನುವ ಜಂಬ ಸೋಮ್ ತಮ್ ಕೌಂಟರಿನಲ್ಲಿ ಬೇಡ. ಅವರು ಸೂಜಿ ಮೆಣಸನ್ನು ಹಸಿಯಾಗಿಯೇ ಕುಟ್ಟುತ್ತಾರೆ. ‘ಫ್ರಿಕ್ ನುಂಗ್ ಮೆಟ್’, ಒಂದೇ ಮೆಣಸಿನಕಾಯಿ, ಅಂತ ಶುರು ಮಾಡಿ. ಬೇಕಾದರೆ ಆಮೇಲೆ ಏರಿಸಿದರಾಯಿತು. ಖಾರವೇ ಬೇಡದವರಿಗೆ ‘ಮಾಯ್ ಫೆಟ್’.

ಕಾರ್ಡ್, ಕ್ಯೂ, ವಾಪಸ್ ದುಡ್ಡು

ದರ್ಶಿನಿಯಲ್ಲಿ ಮೊದಲು ಟೋಕನ್ ತಗೊಳ್ಳುವ ಹಾಗೆ, ಇಲ್ಲೂ ಮೊದಲು ಕ್ಯಾಶ್ ಕೌಂಟರ್. ಹೆಚ್ಚಿನ ಫುಡ್ ಕೋರ್ಟಿನಲ್ಲಿ ಅಡುಗೆಯವರು ನೇರ ನೋಟು ಮುಟ್ಟುವುದಿಲ್ಲ. ದುಡ್ಡು ಕೊಟ್ಟು ಕಾರ್ಡ್ ತುಂಬಿಸಿಕೊಳ್ಳಬೇಕು, ಕೌಂಟರಿನಲ್ಲಿ ಕಾರ್ಡ್ ಇಟ್ಟರೆ ತಟ್ಟೆಯ ಬೆಲೆ ಕಳೆದು ಉಳಿಕೆ ತೋರಿಸುತ್ತದೆ. ಮಾಲ್‌ನವರಿಗೆ ಇದರಿಂದ ಲಾಭ. ಪ್ರತಿ ಅಂಗಡಿಯ ವ್ಯಾಪಾರ ಎಷ್ಟು ಅಂತ ಪಕ್ಕಾ ಗೊತ್ತಾಗುತ್ತದೆ, ತಮ್ಮ ಪಾಲು ಮುರಿದುಕೊಂಡು ಉಳಿದದ್ದು ಕೊಡುತ್ತಾರೆ. ನಮಗೂ ಲಾಭವೇ. ಬೆಲೆಯಲ್ಲಿ ಮೋಸವಿಲ್ಲ, ಚಿಲ್ಲರೆ ಜಗಳವಿಲ್ಲ.

ತಲೆಗೆ 100 ಬಾಹ್ತ್ ಲೆಕ್ಕದಲ್ಲಿ ಇಡೀ ಕುಟುಂಬಕ್ಕೆ ಒಂದೇ ಕಾರ್ಡ್ ಮಾಡಿಸಿ. ಎಲ್ಲರೂ ಬೇರೆ ಬೇರೆ ಕೌಂಟರಿಗೆ ಹೋಗುವವರಾದರೆ ಎರಡು. ನಗದು ಇಟ್ಟುಕೊಂಡೇ ಹೋಗಿ. ಉಳಿದ ದುಡ್ಡನ್ನು ಹೊರಡುವಾಗಲೇ ಅದೇ ಕೌಂಟರಿನಲ್ಲಿ ವಾಪಸ್ ತಗೊಳ್ಳಿ. ನಾಳೆ ಬರುತ್ತೇವಲ್ಲ ಅಂತ ಜೇಬಿಗೆ ಹಾಕಿಕೊಂಡರೆ ಹೋಯಿತು, ಅವಧಿಯ ನಿಯಮ ಒಂದೊಂದು ಕಡೆ ಒಂದೊಂದು ಥರ. ಕೆಲವು ದುಬಾರಿ ಫುಡ್ ಹಾಲ್‌ಗಳಲ್ಲಿ ಇದಕ್ಕೆ ಉಲ್ಟಾ ಪದ್ಧತಿ: ಒಳಗೆ ಹೋಗುವಾಗ ಖಾಲಿ ಕಾರ್ಡ್ ಕೊಡುತ್ತಾರೆ, ತಿಂದದ್ದೆಲ್ಲ ಅದರಲ್ಲಿ ಏರುತ್ತಾ ಹೋಗುತ್ತದೆ, ಹೊರಡುವಾಗ ಬಿಲ್. ಮುಂಚೆ ಕೊಟ್ಟ ದುಡ್ಡಿಗೆ ಕೈ ಹಿಡಿತ ಇರುತ್ತದೆ, ಆಮೇಲೆ ಕೊಡುವ ದುಡ್ಡಿಗೆ ಇರುವುದಿಲ್ಲ. ಮಕ್ಕಳ ಕೈಗೆ ಈ ಎರಡನೇ ಥರದ ಕಾರ್ಡ್ ಕೊಡಬೇಡಿ.

ಚಮಚ, ಫೋರ್ಕ್ ಇಟ್ಟ ಕಡೆ ಕುದಿಯುವ ನೀರಿನ ಪಾತ್ರೆ ಕಂಡರೆ ಅದು ಅದ್ದಿ ತೆಗೆಯಲು. ನೀರಿನ ಬಾಟಲಿಯನ್ನು ಕೆಳಗಿನ ಸೂಪರ್‌ಮಾರ್ಕೆಟಿನಲ್ಲೋ ಸೆವೆನ್ ಇಲೆವೆನ್‌ನಲ್ಲೋ ಮೊದಲೇ ತಗೊಂಡರೆ ಸ್ವಲ್ಪ ಉಳಿತಾಯ. ಥಾಯ್ ಚಹಾ, ಜ್ಯೂಸ್‌ಗಳಿಗೆ ಸಕ್ಕರೆ ವಿಪರೀತ. ‘ವಾನ್ ನೋಯ್’ ಅಂದರೆ ಸಿಹಿ ಕಡಿಮೆ ಹಾಕುತ್ತಾರೆ. ಡಯಾಬಿಟಿಸ್ ಇರುವವರು ಎಳನೀರು ಕುಡಿಯುವ ಮುಂಚೆಯೂ ಕೇಳಿ, ಲೋಟದಲ್ಲಿ ಕೊಡುವ ಎಳನೀರಿಗೂ ಸಕ್ಕರೆ ಬಿದ್ದಿರುವುದುಂಟು.

ಇನ್ನೂ ಕಡಿಮೆಗೆ ತಿನ್ನಬೇಕು ಅನ್ನುವ ಹಠ ಇದ್ದರೆ ಮಾಲ್ ಸಿಬ್ಬಂದಿಯ ಕ್ಯಾಂಟೀನ್ ಹುಡುಕಬಹುದು. ಎಷ್ಟೋ ಮಾಲ್‌ಗಳಲ್ಲಿ ಪಾರ್ಕಿಂಗ್ ಪಕ್ಕವೋ ನೆಲಮಾಳಿಗೆಯ ಮೂಲೆಯಲ್ಲೋ ಇರುತ್ತದೆ, ಹೊರಗಿನವರು ಹೋದರೂ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಇಂಗ್ಲಿಷ್ ಬೋರ್ಡ್ ಇರುವುದಿಲ್ಲ, ಎಸಿ ಇರದೆಯೂ ಇರಬಹುದು. ಹತ್ತಿಪ್ಪತ್ತು ಬಾಹ್ತ್ ಉಳಿಸಲು ಇಷ್ಟು ಸುತ್ತುವುದು ಒಂದು ವಾರದ ಪ್ರವಾಸಿಗೆ ಬೇಡ. ತಿಂಗಳುಗಟ್ಟಲೆ ಇರುವವರಿಗೆ, ಓದಲು ಬಂದ ಹುಡುಗರಿಗೆ ಸರಿ.

ಕೊನೆಯ ದಿನ ಬೆಂಗಳೂರಿನ ವಿಮಾನ ಹಿಡಿಯಲು ಸುವರ್ಣಭೂಮಿಗೆ ಹೋದಾಗ 4ನೇ ಮಹಡಿಯ ನಿರ್ಗಮನದ ಬಳಿ ಊಟದ ಬೆಲೆ ನೋಡಿ ಬೇಸರ ಪಡಬೇಡಿ. ಲಿಫ್ಟ್‌ನಲ್ಲಿ 1ನೇ ಮಹಡಿಗೆ ಇಳಿದು 8ನೇ ಗೇಟಿನ ಹತ್ತಿರ ಹೋದರೆ ಮ್ಯಾಜಿಕ್ ಫುಡ್ ಪಾಯಿಂಟ್ ಇದೆ. ವಿಮಾನ ನಿಲ್ದಾಣದ ಕೆಲಸಗಾರರು, ಟ್ಯಾಕ್ಸಿ ಓಡಿಸುವವರು ಉಣ್ಣುವ ಜಾಗ, ಬೆಲೆಯೂ ಪಟ್ಟಣದೊಳಗಿನ ಫುಡ್ ಕೋರ್ಟಿನಷ್ಟೇ. ಇದು ಚೆಕ್-ಇನ್, ಇಮಿಗ್ರೇಷನ್ ಎಲ್ಲಕ್ಕೂ ಹೊರಗಿದೆ. ಹಾಗಾಗಿ ಮೊದಲು ಲಗೇಜ್ ಕೊಟ್ಟು ಬೋರ್ಡಿಂಗ್ ಪಾಸ್ ತಗೊಳ್ಳಿ, ಕೆಳಗೆ ಬಂದು ಊಟ ಮಾಡಿ, ಆಮೇಲೆ ಒಳಗೆ ಹೋಗಿ. ಒಳಗೆ ಹೋದ ಮೇಲೆ ಇಲ್ಲಿಗೆ ವಾಪಸ್ ಬರಲು ಆಗುವುದಿಲ್ಲ.